ಸೊಣ್ಣಪ್ಪನವರ ಓಟು, ವಕೀಲರ ಓಟು

ರಾಯಕೋಟೆ
ಸರ್ವಧಾರಿ ಸಂವತ್ಸರ, ಪುಷ್ಯ ಶುದ್ಧ ದ್ವಾದಶಿ
(೧೯೪೯ರ ಜನವರಿ)

ಪ್ರೀತಿಯ ಗೆಳತಿ ಅಂಜಿನಮ್ಮನಿಗೆ ಆದಿಲಕ್ಷ್ಮಿ ಮಾಡುವ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ನೀನು, ನಿಮ್ಮವರು, ಮಕ್ಕಳು ಮದರಾಸಿನ ಉಪ್ಪುನೀರು ಕುಡಿದುಕೊಂಡೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಸಂಕ್ರಾಂತಿ ಹೊತ್ತಿಗೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ರಾಗಿ ಕಣ ಮುಗಿಯಿತು ಅನ್ನುವಷ್ಟರಲ್ಲಿ ಅವರೆಕಾಯಿ ಬಂತು. ಬಿಡಿಸುವುದು, ಹಿಸುಕುವುದು, ನೆಂಟರಿಗೆ ಕಟ್ಟಿ ಕಳಿಸುವುದು, ಇದರಲ್ಲೇ ದಿನ ಹೋಯಿತು. ಆದರೆ ಇದೆಲ್ಲ ನೆಪ ಅಂಜೂ. ಕಾಗದ ಹಿಡಿದು ಕೂತರೆ ಏನು ಬರೆಯಬೇಕಾಗುತ್ತದೋ ಎಂದು ಹೆದರಿ ಕೂರಲೇ ಇಲ್ಲ.

ವಿಷಯ ಇಷ್ಟೇ. ನಮ್ಮವರಿಗೆ ಇನ್ನೊಂದು ಮದುವೆ ಮಾಡಬೇಕೆಂದು ನಮ್ಮತ್ತೆ ನಿಶ್ಚಯ ಮಾಡಿದ್ದಾರೆ. ನಾನು ಈ ಮನೆಗೆ ಬಂದು ಹತ್ತು ವರ್ಷದ ಮೇಲಾಯಿತು, ತೊಟ್ಟಿಲು ಕಟ್ಟಲಿಲ್ಲ. ಹೆಣ್ಣನ್ನೂ ಗೊತ್ತು ಮಾಡಿಕೊಂಡಿದ್ದಾರೆ. ಡೆಂಕಣಿಕೋಟೆ ಹತ್ತಿರದ ಹಳ್ಳಿಯವಳು, ಕದಿರಮ್ಮ ಎಂದು ಹೆಸರು. ತಾಯಿತಂದೆ ಇಲ್ಲ, ಸೋದರಮಾವ ಮುನಿಶಾಮಪ್ಪನ ಮನೆಯಲ್ಲಿ ಬೆಳೆದವಳು. "ನಾವೇನು ನಿನ್ನ ಹೊರಗಾಕ್ತೀವಾ? ಬೀಗದ ಕೈ ನಿನ್ ಸೊಂಟದಾಗೇ ಇರ್ತದೆ. ಅವ್ಳು ಹೆತ್ತು ಕೊಡ್ತಾಳೆ, ನೀನು ಆಡಿಸ್ಕೊಂಡಿರು" ಅಂತಾರೆ ಅತ್ತೆ. ಎಮ್ಮೆ ಕೊಳ್ಳುವ ಮಾತನ್ನಾದರೂ ಇದಕ್ಕಿಂತ ನಾಚಿಕೆಯಿಂದ ಆಡುತ್ತಾರೆ.

ಇಷ್ಟು ದಿನ ಈ ಮದುವೆ ಹೇಗೆ ನಿಂತಿದೆ ಎಂದು ಕೇಳುತ್ತೀಯಾ? ನಮ್ಮ ಜನದ ಪದ್ಧತಿ ನಿನಗೆ ಗೊತ್ತಲ್ಲ. ಎರಡನೆಯ ಸಂಬಂಧಕ್ಕೆ ಹೆಣ್ಣು ಕೇಳಲು ಮೊದಲನೆಯವಳೇ ಹೋಗಬೇಕು. ಅವಳೇ ಹುಡುಗಿಗೆ ಅರಿಸಿನ ಕುಂಕುಮ ಕೊಟ್ಟು, ಮಡಿಲು ತುಂಬಿ, "ಬಾ ತಂಗಿ" ಎಂದು ಕರೆಯಬೇಕು. ಹಾಗೆ ಕರೆಯದ ಮನೆಗೆ ಎಂಥ ಬಡವನೂ ಹೆಣ್ಣು ಕೊಡುವುದಿಲ್ಲ. ನನ್ನ ಕೈಯಲ್ಲಿರುವುದು ಅದೊಂದೇ. ಒಂದು ಸಲ ಕಾಲು ಉಳುಕಿತು ಅಂದೆ. ಇನ್ನೊಂದು ಸಲ ಡೆಂಕಣಿಕೋಟೆ ದಾರಿಯಲ್ಲಿ ಆನೆ ಇಳಿದಿವೆಯಂತೆ ಅಂದೆ, ಅದು ನಿಜವೂ ಆಗಿತ್ತು. ಆನೆಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಅವು ವರ್ಷವೆಲ್ಲ ಅಲ್ಲೇ ನಿಂತಿರುತ್ತವೆಯೇ?

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ನಿಮ್ಮವರು ಮದರಾಸಿನ ಶಾಸನಸಭೆ ಆಫೀಸಿನಲ್ಲೇ ಟೈಪಿಸ್ಟು ತಾನೆ? ಒಬ್ಬಳು ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದು ಎಂಬ ಮಸೂದೆ ಆ ಸಭೆಯ ಮುಂದಿದೆಯಂತೆ. ಹೋದ ವಾರ ನಮ್ಮವರು ತಮಿಳು ಪೇಪರಿನಲ್ಲಿ ಅದನ್ನು ಓದಿ ಜಗಲಿಯ ಮೇಲೆ ಗಟ್ಟಿಯಾಗಿ ನಕ್ಕರು. ನಾನು ಒಳಗಿನಿಂದಲೇ, "ಯಾಕೆ ನಗ್ತೀರಿ? ನಿಮ್ಮ ಕಾಂಗ್ರೆಸ್ಸಿನೋರೇ ತಂದಿರೋದಲ್ವಾ?" ಅಂದೆ. ಊರಿನವರು ನಾಲ್ಕು ಜನ ಕೂತಿದ್ದರು, ಇವರಿಗೆ ರೋಷ ಬಂತು. "ನಮ್ ಸೀಮೆ ಮೆಂಬರು ಇಬ್ರೂ ಅದುಕ್ಕೆ ಓಟು ಹಾಕ್ಬುಡ್ಲಿ, ಈ ಮದುವೆ ಮಾತೇ ಎತ್ತಲ್ಲ. ಆಣೆ!" ಅಂದುಬಿಟ್ಟರು. ಎಲ್ಲರ ಮುಂದೆ ಆಡಿದ ಮಾತು. ನಮ್ಮವರಿಗೆ ಬೇರೆ ಏನಿಲ್ಲದಿದ್ದರೂ ಆಡಿದ ಮಾತಿನ ಜಂಬ ಇದೆ.

ಆ ಇಬ್ಬರನ್ನೂ ನೀನು ಬಲ್ಲೆ. ಒಬ್ಬರು ಕೃಷ್ಣಗಿರಿಯ ವಕೀಲ ನರಸಿಂಹಪ್ಪನವರು, ನಮ್ಮವರ ಪಾಲಿನ ದೇವರು. ಹೋದ ವರ್ಷ ನಮ್ಮೂರಲ್ಲೇ ಬಂದು, ಹೆಣ್ಣು ಕಣ್ಣೀರು ಹಾಕುವ ದೇಶ ಸ್ವತಂತ್ರವಲ್ಲ ಎಂದು ಅಷ್ಟು ಹೊತ್ತು ಮಾತಾಡಿ, ತಾವೂ ಅತ್ತು ನಮ್ಮನ್ನೂ ಅಳಿಸಿದ್ದರು. ಇನ್ನೊಬ್ಬರು ಹೊಸೂರು ಕಡೆಯ ಮುದುಕ ಸೊಣ್ಣಪ್ಪನವರು. ಮೈಕು ಕಂಡರೆ ಕೆಮ್ಮುತ್ತಾರೆ. ಅಲ್ಲದೆ ಅವರಿಗೇ ಇಬ್ಬರು ಹೆಂಡಿರು. ವಕೀಲರ ಓಟು ನನ್ನ ಕಡೆಗೇ ಬಿದ್ದ ಹಾಗೆ. ಈ ಮುದುಕನದೇ ಚಿಂತೆ. ಹಿಂದಿನ ಮಸೂದೆಗಳಿಗೆಲ್ಲ ಇಬ್ಬರೂ ಹೇಗೆ ಓಟು ಹಾಕಿದ್ದರು, ಇದಕ್ಕೆ ಹೇಗೆ ಹಾಕಬಹುದು, ನಿಮ್ಮವರನ್ನು ಕೇಳಿ ಬೇಗ ಬರಿ.

ಕನ್ನಡದಲ್ಲೇ ಬರಿ. ನಮ್ಮವರು ಓದಿದ್ದು ತಮಿಳು, ಲೆಕ್ಕ ಬರೆಯುವುದು ತೆಲುಗಿನಲ್ಲಿ, ಕನ್ನಡ ಬೇಕಾಗುವುದು ನನ್ನನ್ನು ಬೈಯುವುದಕ್ಕೆ ಮಾತ್ರ. ನಿನ್ನ ಕಾಗದ ಅವರ ಕೈಗೆ ಸಿಕ್ಕರೂ ಉಪ್ಪಿನಕಾಯಿ ಹಾಕುವ ವಿಧಾನ ಅಂದುಬಿಡುತ್ತೇನೆ.

ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ
ಆದಿಲಕ್ಷ್ಮಿ

ಮರೆತಿದ್ದೆ: ಅತ್ತೆ ನಿನ್ನೆ ನನ್ನ ಹಳೆಯ ಧಾರೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದರು. ನಾನು ಕಂಡೂ ಕಾಣದ ಹಾಗೆ ಅವರೆಕಾಯಿ ಬಿಡಿಸುತ್ತಾ ಕೂತೆ.


ರಾಯಕೋಟೆ
ಮಾಘ ಶುದ್ಧ ದಶಮಿ

ಜಾಣೆ ಅಂಜಿನಮ್ಮನಿಗೆ, ಅವಳಿಗಿಂತ ಜಾಣರಾದ ಅವಳ ಯಜಮಾನರಿಗೆ, ಆದಿಲಕ್ಷ್ಮಿಯ ಸಾವಿರ ನಮಸ್ಕಾರ.

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಈ ಸಲ ನೆಪವಿಲ್ಲ. ಅದನ್ನು ಓದುವುದರಲ್ಲೇ ಹೊತ್ತು ಹೋಯಿತು. ಹಿತ್ತಲಿನಲ್ಲಿ ಓದಿದೆ, ಹಸು ಕರೆಯುವಾಗ ಕೊಟ್ಟಿಗೆಯಲ್ಲಿ ಓದಿದೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಈಗ ಬಾಯಿಪಾಠ ಹೇಳುತ್ತೇನೆ.

ಮನುಷ್ಯರನ್ನು ಅಳೆಯುವುದರಲ್ಲಿ ನಾನು ಎಂಥ ಪೆದ್ದಿ ನೋಡು! ಹರಿಜನರು ಗುಡಿಗೆ ಬರಬಹುದು ಎಂಬ ಮಸೂದೆ ಬಂದಾಗ ವಕೀಲರು ಒಂದು ಗಂಟೆ ಮಾತಾಡಿದರು, ಓಟಿನ ದಿನ ಕೃಷ್ಣಗಿರಿ ಕೋರ್ಟಿನಲ್ಲಿ ಕೇಸು ಬಂತು. ಸೊಣ್ಣಪ್ಪನವರು ಬಾಯಿ ಬಿಡಲಿಲ್ಲ, ಹೌದು ಎಂದು ಓಟು ಹಾಕಿ ಬಂದರು. ಜಮೀನ್ದಾರಿ ತೆಗೆಯುವ ಮಸೂದೆಗೆ ವಕೀಲರು ಹೌದು ಅಂದರು, ಅವರಿಗೇನು, ನೆಲವೇ ಇಲ್ಲ. ಆ ದಿನ ಮುದುಕನಿಗೆ ಹೊಟ್ಟೆನೋವು ಬಂತು, ಅವರ ನೆಲ ಎಷ್ಟಿದೆ ಎಂದು ಎಲ್ಲರಿಗೂ ಗೊತ್ತು. ಅಂದರೆ ಅವರೇನು ಧರ್ಮರಾಯ ಅಲ್ಲ. ಆದರೂ ನಿಮ್ಮವರು ಒಂದು ಮಾತು ಸರಿಯಾಗಿ ಹೇಳಿದ್ದಾರೆ: ಮುದುಕರಿಗೆ ತಮ್ಮ ಹೊಲ ಬಿಟ್ಟರೆ ಬೇರೆ ಭಯವಿಲ್ಲ, ವಕೀಲರಿಗೆ ಯಾರ ಮುಖವನ್ನೂ ಕೆಡಿಸಿಕೊಳ್ಳಲು ಧೈರ್ಯವಿಲ್ಲ.

ಕೊನೆಗೆ ನನ್ನ ಮಸೂದೆ. (ನನ್ನದು ಅಂತಲೇ ಅನ್ನುತ್ತೇನೆ.) ಹೌದು ಎನ್ನುವವರು ಒಂದು ಬಾಗಿಲಿಂದ, ಬೇಡ ಎನ್ನುವವರು ಇನ್ನೊಂದು ಬಾಗಿಲಿಂದ ಹೋಗಬೇಕಾಗಿತ್ತಂತೆ, ನಮ್ಮ ವಕೀಲರು ಸೀತೆ ಸಾವಿತ್ರಿಯರ ಹೆಸರು ಹೇಳಿ ಭಾಷಣ ಮುಗಿಸಿ, ಮೂರನೆಯ ಬಾಗಿಲು ಹುಡುಕಿಕೊಂಡು ಕಾಫಿಗೆ ಹೋದರಂತೆ. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ! ಸೊಣ್ಣಪ್ಪನವರು ಕೋಲೂರಿಕೊಂಡು ಹೌದಿನ ಬಾಗಿಲಿಂದ ಹೋದರು. ಆಮೇಲೆ ಹೊರಗೆ ವಕೀಲರು ಸಿಕ್ಕಿದಾಗ, "ಯಾಕ್ಲಾ ನರಸಿಂಹ, ಓಟಿನ ಹೊತ್ನಾಗೇ ಕಾಫಿ ನೆಪ್ಪಾಯ್ತಾ ನಿಂಗೆ?" ಅಂದರಂತೆ. ವಕೀಲರು, "ನೀವೇ ಇಬ್ಬರನ್ನ ಕಟ್ಟಿಕೊಂಡು ಹೌದು ಅಂತೀರಲ್ಲ ಯಜಮಾನರೇ" ಎಂದು ಚುಚ್ಚಿದ್ದಕ್ಕೆ, "ಅದುಕ್ಕೇ ಕಣ್ಲಾ ಅಂದಿದ್ದು. ಮೂವತ್ತು ವರ್ಸದಿಂದ ಇಬ್ರೂ ನನ್ ಮುಂದೇನೇ ಸೊರಗ್ತಾವ್ರೆ. ಈ ಸಭೇಲಿ ನನ್ಗಿಂತ ಬಲ್ಲೋನು ಯಾವನವ್ನೆ?" ಅಂದರಂತೆ. ಇದನ್ನು ಓದಿ ನಾನು ಕೊಟ್ಟಿಗೆಯಲ್ಲೇ ಅತ್ತುಬಿಟ್ಟೆ ಅಂಜೂ. ಹೊಟ್ಟೆನೋವಿನ ಓಟನ್ನೂ ಕ್ಷಮಿಸಿಬಿಟ್ಟೆ.

ಇಬ್ಬರಲ್ಲಿ ಒಬ್ಬರೇ ಹಾಕಿದ್ದರಿಂದ ನಮ್ಮವರ ಆಣೆ ಬಿತ್ತು. ಬೀಳಲಿ. ಮಸೂದೆಯೇ ಗೆದ್ದಿತಲ್ಲ, ಇನ್ನು ಇವರ ಆಣೆ ಯಾರಿಗೆ ಬೇಕು? ಅತ್ತೆ, "ಇಲ್ಲಾಗ್ದಿದ್ರೆ ಅತ್ತಿಬೆಲೆ ದಾಟ್ಬುಟ್ಟು ಮೈಸೂರು ಸೀಮೇಲಿ ತಾಳಿ ಕಟ್ಟುದ್ರಾಯ್ತು" ಅನ್ನುತ್ತಿದ್ದರು. ಗಡಿ ದಾಟಿ ಹೋಗಿ ಮಾಡಿಕೊಂಡರೂ ನಡೆಯುವುದಿಲ್ಲ ಎಂದು ನೀನು ಬರೆದದ್ದು ಓದಿ ಹೊಟ್ಟೆ ತಣ್ಣಗಾಯಿತು.

ಈಗ ನಾನು ಮಾಡಿದ ಕಿತಾಪತಿ ಕೇಳು. ಇದೆಲ್ಲ ಗೊತ್ತಿದೆ ಎಂದು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಇವರೂ ಒಂದು ವಾರದಿಂದ ಪೇಪರನ್ನು ಮಡಿಸಿ ತೊಲೆಗೆ ಸಿಕ್ಕಿಸುತ್ತಾರೆ, ಗಟ್ಟಿಯಾಗಿ ಓದುವುದಿಲ್ಲ. ಹೆಂಗಸಿಗೆ ಗೊತ್ತಾಗಬಾರದು ಅಂತ. ಮೊನ್ನೆ ರಥಸಪ್ತಮಿಯ ಮಾರನೆಯ ದಿನ ಅತ್ತೆ, "ಒಂದ್ಸಲ ಡೆಂಕಣಿಕೋಟೆ ಕಡೆ ಹೋಗ್ಬುಟ್ಟು ಬರಾಣ ಬಾರೆ ಲಕ್ಷ್ಮಿ" ಅಂದಾಗ ಮರುಮಾತಾಡದೆ ಎದ್ದೆ. ಅತ್ತೆಯ ಮುಖ ನೋಡಬೇಕಿತ್ತು! ಹೋಗದೆ ಹಟ ಹಿಡಿದರೆ ಊರವರ ಬಾಯಲ್ಲಿ ಬಂಜೆಯ ಜೊತೆಗೆ ಹೊಟ್ಟೆಕಿಚ್ಚಿನವಳೂ ಆಗುತ್ತೇನೆ. ಹೋಗಿ ಕೇಳಿದರೆ ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳುತ್ತೇನೆ, ಮದುವೆಯನ್ನು ಹೇಗೂ ಸರ್ಕಾರ ನಿಲ್ಲಿಸಿದೆ. ನನಗೇನು ನಷ್ಟ?

ಗಾಡಿ ಕಟ್ಟಿಸಿಕೊಂಡು ಹೋದೆವು. ಮುನಿಶಾಮಪ್ಪನ ಮನೆಯಲ್ಲಿ ಚಾಪೆ ಹಾಸಿ, ಮಜ್ಜಿಗೆ ಕೊಟ್ಟರು. ನಾನು ಅರಿಸಿನ ಕುಂಕುಮ ಕೊಟ್ಟೆ, ಅಕ್ಕಿ ಬೆಲ್ಲ ಎಲೆ ಅಡಿಕೆ ಮಡಿಲಿಗೆ ಹಾಕಿದೆ, "ಬಾ ತಂಗಿ" ಅಂದೆ. ನಾಟಕದವರೂ ಅಷ್ಟು ಚೆನ್ನಾಗಿ ಆಡಲಾರರು. ಒಳಗೊಳಗೇ ನಗು ಬರುತ್ತಿತ್ತು, ಅದನ್ನು ಮುಖದ ಮೇಲೂ ಬಿಟ್ಟೆ. ಹುಡುಗಿ ಕಪ್ಪಗೆ ಲಕ್ಷಣವಾಗಿದ್ದಾಳೆ, ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಪಾಪ, ಒಳ್ಳೆಯ ಕಡೆ ಗಂಡು ಸಿಗಲಿ.

ನಿಮ್ಮವರಿಗೆ ಹುರಿದ ಅವರೆಕಾಳು ಒಂದು ಡಬ್ಬಿ ಕಳಿಸಿದ್ದೇನೆ. ಮಕ್ಕಳಿಗೆ ಆಶೀರ್ವಾದ, ಈ ಸಲ ಬಾಯಿತುಂಬ.

ನಿನ್ನ
ಆದಿಲಕ್ಷ್ಮಿ

ಇನ್ನೊಂದು: ಮಸೂದೆ ಇನ್ನು ಡೆಲ್ಲಿಗೆ ಹೋಗಿ, ದೊಡ್ಡವರ ಸಹಿ ಬಿದ್ದು, ಗೆಜೆಟ್ಟಿನಲ್ಲಿ ಬರಬೇಕು ಎಂದು ಕೊನೆಯಲ್ಲಿ ಬರೆದಿದ್ದೀಯ. ಹೋಗಿ ಬರಲಿ ಬಿಡು. ಓಟು ಬಿದ್ದ ಮೇಲೆ ಇನ್ನೇನು? ನಮ್ಮೂರ ಪಂಚಾಯ್ತಿಯಲ್ಲಿ ಬೆಳಿಗ್ಗೆ ಕೈ ಎತ್ತಿದರೆ ಸಂಜೆಗೆ ದಂಡ ಕಟ್ಟಿಸುತ್ತಾರೆ. ಮದರಾಸಿನವರು ಅದಕ್ಕಿಂತ ಕಡೆಯೇ?


ರಾಯಕೋಟೆ
ವಿರೋಧಿ ಸಂವತ್ಸರ, ಚೈತ್ರ ಬಹುಳ ತದಿಗೆ

ಪ್ರೀತಿಯ ಅಂಜಿನಮ್ಮನಿಗೆ,

ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯದೆ ಇದ್ದುದಕ್ಕೆ ಕ್ಷಮಿಸು. "ಕಾನೂನು ಜಾರಿಗೆ ಬಂತು ಕಣೇ, ಇನ್ನು ನಿನಗೆ ಭಯವಿಲ್ಲ" ಎಂದು ನೀನು ಬರೆದದ್ದು ಯುಗಾದಿಯ ಬೇವುಬೆಲ್ಲ ಹಂಚುತ್ತಿರುವಾಗ ಬಂತು. ಬೇವುಬೆಲ್ಲವನ್ನು ನಾನು ಮೊದಲು ಅತ್ತೆಗೆ ಕೊಟ್ಟೆ, ಆಮೇಲೆ ಇವರಿಗೆ, ಆಮೇಲೆ ಕದಿರಮ್ಮನಿಗೆ.

ಹೌದು ಅಂಜೂ. ಫಾಲ್ಗುಣದಲ್ಲೇ ಮದುವೆ ಮುಗಿಯಿತು.

ನಾವು ಡೆಂಕಣಿಕೋಟೆಯಿಂದ ಬಂದ ಮೇಲೆ ಇವರು ಕೃಷ್ಣಗಿರಿಗೆ ಹೋಗಿ ವಕೀಲರನ್ನು ಕಂಡು ಬಂದಿದ್ದಾರೆ. ಓಟು ಬಿದ್ದದ್ದು ಇವರಿಗೆ ನನಗಿಂತ ಮೊದಲೇ ಗೊತ್ತಿತ್ತು. ವಕೀಲರು ತಮಿಳಿನಲ್ಲಿ "ಇನ್ನುಂ ನೇರಂ ಇರುಕ್ಕು" ಅಂದರಂತೆ. ಇನ್ನೂ ಹೊತ್ತಿದೆ, ಡೆಲ್ಲಿಯಿಂದ ಸಹಿ ಬಂದು ಗೆಜೆಟ್ಟಿನಲ್ಲಿ ಅಚ್ಚಾಗುವ ತನಕ ಕಟ್ಟಿದ ತಾಳಿ ತಾಳಿಯೇ, ಆಮೇಲೆ ಕಟ್ಟಿದ್ದು ಬರೀ ದಾರ. ಸಭೆಯಲ್ಲಿ ಓಟು ಹಾಕಲು ಹೊತ್ತಿಲ್ಲದವರಿಗೆ ಇದನ್ನು ಹೇಳಿಕೊಡಲು ಹೊತ್ತಿತ್ತು. ನಾನು ಇವರಿಗೆ ಏನೂ ಗೊತ್ತಿಲ್ಲ ಅಂದುಕೊಂಡೆ, ಇವರು ನನಗೆ ಏನೂ ಗೊತ್ತಿಲ್ಲ ಅಂದುಕೊಂಡರು. ಒಂದೇ ಸೂರಿನ ಕೆಳಗೆ ಇಬ್ಬರೂ ಜಾಣರಾಗಿ ಓಡಾಡಿಕೊಂಡಿದ್ದೆವು.

ಲಗ್ನ ಇನ್ನೇನು ನಾಡಿದ್ದು ಎನ್ನುವಾಗ ನನಗೆ ಹೇಳಿದರು. ನಾನು, "ಆಗಲ್ಲ, ಕಾನೂನಿದೆ, ಸೊಣ್ಣಪ್ಪನವರು ಓಟು ಹಾಕಿದಾರೆ" ಎಂದು ಕೂಗಿಕೊಂಡೆ. ನಮ್ಮವರು ಒಂದು ಕ್ಷಣ ಬೆಪ್ಪಾಗಿ ನೋಡಿದರು. ಆಮೇಲೆ, "ಇಬ್ರೂ ಹಾಕಿದ್ರೆ ಅಂತ ನಾನಂದಿದ್ದು. ವಕೀಲ್ರು ಹಾಕ್ಲಿಲ್ಲವಲ್ಲ" ಅಂದರು. ಅತ್ತೆ ಕೇಳಿದ್ದು ಇನ್ನೂ ಸರಿಯಾದ ಮಾತು: "ಕಾನೂನು ಗೊತ್ತಿದ್ದೋಳು ಮಡಿಲು ಯಾಕೆ ತುಂಬ್ದೆ? ಬಾ ತಂಗಿ ಅಂತ ಯಾಕಂದೆ? ನಾವೇನು ನಿನ್ನ ಕೈ ಹಿಡಿದು ತುಂಬಿಸಿದ್ವಾ?" ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಕೂಸೇ ಇಲ್ಲದ ನಾನು ಅದನ್ನೇ ಮಾಡಿದೆ.

ಹೊಸೂರಿನಲ್ಲಿರುವ ನಮ್ಮಣ್ಣನಿಗೆ ಹೇಳಿ ಕಳಿಸಿದೆ. ಅವನು ಬಂದ, ಅಂಗಳದಲ್ಲೇ ನಿಂತು, "ನೀನೇ ಹೋಗಿ ಹೆಣ್ಣು ಕೇಳ್ಬುಟ್ಟು ಬಂದಿದೀಯ. ಈಗ ನಾನು ಯಾವ ಬಾಯಲ್ಲಿ ಪಂಚಾಯ್ತಿ ಸೇರಿಸ್ಲಿ?" ಎಂದು ಕೇಳಿ, ನೀರೂ ಕುಡಿಯದೆ ಹೋದ. ಪಂಚಾಯ್ತಿಯವರ ಹತ್ತಿರ ನಾನೇ ಹೋಗುತ್ತಿದ್ದೆ, ಆದರೆ ಆ ಜಗಲಿಯ ಮೇಲೆ ಕೂರುವವರೆಲ್ಲ ನನ್ನ ದೊಡ್ಡ ಮನಸ್ಸನ್ನು ಊರೆಲ್ಲ ಹೊಗಳಿ ಬಂದಿದ್ದರು. ಅತ್ತ ದರಿ, ಇತ್ತ ಪುಲಿ. ತಪ್ಪಿಸಿಕೊಳ್ಳುವ ಒಂದೊಂದು ಬಾಗಿಲನ್ನೂ ನಾನೇ ನಗುನಗುತ್ತಾ ಮುಚ್ಚಿಕೊಂಡು ಬಂದಿದ್ದೆ.

ಮದುವೆ ಗುಡಿಯಲ್ಲಿ, ವಾಲಗವಿಲ್ಲದೆ ಆಯಿತು. ತಾಳಿಯ ತಟ್ಟೆ ಹಿಡಿದು ನಿಂತದ್ದು ನಾನೇ, ಅದೂ ಪದ್ಧತಿ. ಕದಿರಮ್ಮ ಉಟ್ಟದ್ದು ನನ್ನ ಧಾರೆ ಸೀರೆಯನ್ನೇ, ಅತ್ತೆಯ ಆಸೆ. ವಕೀಲ ನರಸಿಂಹಪ್ಪನವರು ಕಾರಿನಲ್ಲಿ ಬಂದು ಅಕ್ಷತೆ ಹಾಕಿದರು. ಊಟದ ಮೇಲೆ ನಾಲ್ಕು ಮಾತಾಡಿ, ಇಂಥ ತ್ಯಾಗಮಯಿ ಸ್ತ್ರೀಯರೇ ಭಾರತದ ಕಣ್ಣು ಎಂದು ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಣ್ಣಪ್ಪನವರನ್ನೂ ಕರೆದಿದ್ದರು, ಬರಲಿಲ್ಲ. "ಓಟು ಅಲ್ಲಿ ಹಾಕ್ಬುಟ್ಟು ಇಲ್ಬಂದು ಲಾಡು ತಿನ್ನೋಕಾಗಲ್ಲ ಅಂತ ಹೇಳ್ರಪ್ಪ" ಎಂದು ಕರೆಯಲು ಹೋದವರ ಹತ್ತಿರ ಹೇಳಿ ಕಳಿಸಿದರಂತೆ. ನಮ್ಮವರಿಗೆ ಬಹಳ ಅವಮಾನವಾಯಿತು. ನನಗೆ ಆ ದಿನ ಸಮಾಧಾನ ಕೊಟ್ಟದ್ದು ಆ ಒಂದೇ ಮಾತು.

ನಿಮ್ಮವರು ಇಬ್ಬರ ಓಟನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದರಲ್ಲ, ಈಗಲೂ ಕೆಲಸ ಮಾಡುವಾಗ ನಾನು ಅದನ್ನೇ ಯೋಚಿಸುತ್ತಿರುತ್ತೇನೆ. ಹಾಕಿದವರ ಓಟು ನನ್ನ ಮನೆಯ ತನಕ ಬರಲು ಯುಗಾದಿಯಾಯಿತು. ಹಾಕದವರ ಕಾರು ಮುಹೂರ್ತಕ್ಕೆ ಸರಿಯಾಗಿ ಬಂತು. ಇನ್ನು ಮುಂದೆ ನಮ್ಮ ಸೀಮೆಯಲ್ಲಿ ಯಾವ ಹೆಂಗಸೂ ಹೀಗೆ ತಟ್ಟೆ ಹಿಡಿಯಬೇಕಾಗಿಲ್ಲ, ಅದು ನನಗೆ ಗೊತ್ತು. ಸಂತೋಷ ಪಡಬೇಕು ಅಂತಲೂ ಗೊತ್ತು. ಆದರೆ ಬೆಳಿಗ್ಗೆ ಏಳುತ್ತಿದ್ದ ಹಾಗೇ ಎದೆಯ ಮೇಲೆ ಯಾರೋ ಕೂತಂತೆ ಆಗುತ್ತದೆ. ಬೀಗದ ಕೈ ನನ್ನ ಸೊಂಟದಲ್ಲೇ ಇದೆ, ಅತ್ತೆ ಮಾತಿಗೆ ತಪ್ಪಲಿಲ್ಲ. ಯಾವ ಬಾಗಿಲು ತೆಗೆದುಕೊಂಡು ಎಲ್ಲಿಗೆ ಹೋಗಲಿ?

ಮದರಾಸಿಗೆ ಬಂದುಬಿಡು ಎಂದು ಬರೆದಿದ್ದೀಯ. ನಿನ್ನ ಮನಸ್ಸು ದೊಡ್ಡದು, ಮನೆ ಚಿಕ್ಕದು. ಬಂದು ಎಷ್ಟು ದಿನ ಇರಲಿ? ಬೇಡ. ಕಾಗದ ಮಾತ್ರ ಬರೆಯುತ್ತಿರು. ನಿನ್ನ ದೊಡ್ಡವಳಿಗೆ ಅಕ್ಷರ ಚೆನ್ನಾಗಿ ಕಲಿಸು, ಸಹಿ ಯಾರದು, ಗೆಜೆಟ್ಟು ಯಾವುದು, ಎಲ್ಲ ಹೇಳಿಕೊಡು. ಅವಳು ನೂರು ಕಾಲ ಬಾಳಲಿ, ಮನಸ್ಸು ಬಂದವನನ್ನು ಮದುವೆಯಾಗಲಿ, ಬೇಡವೆನಿಸಿದ್ದನ್ನು ಬೇಡ ಅನ್ನಲಿ. ಚಿಕ್ಕವನಿಗೂ ನನ್ನ ಆಶೀರ್ವಾದ.

ನಿನ್ನ
ಆದಿಲಕ್ಷ್ಮಿ

ಮುಗಿಸಿದ್ದೆ. ಆದರೆ ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ನಿನ್ನೆ ಹಿತ್ತಲಿನಲ್ಲಿ ಕದಿರಮ್ಮನೂ ನಾನೂ ಹುಣಿಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆವು. ಒಳ್ಳೆಯ ಹುಡುಗಿ, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಜಗಳವಾಡಿಕೊಂಡಾದರೂ ಇರುತ್ತಿದ್ದೆ. ಅವಳಿಗೆ ಈ ಮಸೂದೆ, ಓಟು, ಡೆಲ್ಲಿ ಎಲ್ಲವನ್ನೂ ಹೇಳಿದೆ. ಮದುವೆ ಆಗುವುದೇ ಇಲ್ಲ ಎಂದು ನಂಬಿ ನಿಮ್ಮ ಮನೆಗೆ ಬಂದಿದ್ದೆ ಅಂದೆ. ಅವಳು ಕುಟ್ಟುವುದನ್ನು ನಿಲ್ಲಿಸಿದಳು. ಕೈಯಲ್ಲಿದ್ದ ಬೀಜವನ್ನು ಮೊರಕ್ಕೆ ಹಾಕಿ ಹೇಳಿದಳು:

"ನಂಗೂ ಬ್ಯಾಡಾಗಿತ್ತು ಅಕ್ಕ. ನಮ್ ಮಾವನ ಕಾಲು ಹಿಡ್ಕೊಂಡಿದ್ದೆ. 'ಹಿರಿಯೋಳು ಬತ್ತಾಳೆ, ಅವ್ಳ ಮುಖ ನೋಡು, ಒಂದ್ಚೂರು ಬಾಡಿದ್ರೂ ಸಾಕು, ನಾನು ಕೊಡಲ್ಲ ಅಂದ್ಬುಡ್ತೀನಿ' ಅಂದಿದ್ದ. ಬಾಗಿಲ ಸಂದೀಲಿ ನಿಂತ್ಕೊಂಡು ದೇವ್ರನ್ನ ಬೇಡ್ಕೊಂಡು ನಿಮ್ ಮುಖಾನೇ ನೋಡ್ತಿದ್ದೆ. ನೀವು ನಗ್ತಾನೇ ಇದ್ರಿ."